ಓರೆ ಗೆರೆ

ವೇದಾವತಿ ನದಿಯ ದಂಡೆಯ ಮೇಲೆ ಒಬ್ಬ ಗುರುಗಳಿದ್ದರು. ಹೆಸರು ರುದ್ರಮುನಿ. ಅವರ ಆಶ್ರಮದಲ್ಲಿ ದೇವರ ಕೋಣೆ ಇರಲಿಲ್ಲ, ಪ್ರವಚನ ಇರಲಿಲ್ಲ, ಕಾವಿ ಬಟ್ಟೆಯಂತೂ ಇರಲೇ ಇಲ್ಲ. ಎಂಟು ಎಕರೆ ಬಯಲಿನಲ್ಲಿ ಸಾಲುಸಾಲಾಗಿ ಮರದ ಕಂಬ ನೆಟ್ಟು, ಕಂಬದಿಂದ ಕಂಬಕ್ಕೆ ತಂತಿ ಎಳೆದು ಕಟ್ಟಿದ್ದರು. ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿಯುವುದು ಆ ತಂತಿಗಳ ಕೆಲಸ.

ಊರವರು ಅದನ್ನು ತಂತಿ ತೋಟ, ಗುರುಗಳನ್ನು ಮೇಷ್ಟ್ರು ಎನ್ನುತ್ತಿದ್ದರು. “ಮೇಷ್ಟ್ರು ತಂತಿ ಬಿತ್ತಿ ಮೂವತ್ತು ವರ್ಷ ಆಯ್ತು, ಇನ್ನೂ ಮೊಳಕೆ ಬಂದಿಲ್ಲ” ಎಂದು ಅರಳಿಕಟ್ಟೆಯಲ್ಲಿ ಕೂತು ನಗುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗ ಮೇಷ್ಟ್ರೂ ನಗುತ್ತಿದ್ದರು.

ಆಶ್ರಮಕ್ಕೆ ಇದ್ದದ್ದು ಒಂದೇ ವ್ರತ. ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ ಮೌನದ ಹೊತ್ತು. ಹಾಗೆಂದು ಬಾಯಿ ಮುಚ್ಚಿಕೊಂಡಿರಬೇಕಾಗಿರಲಿಲ್ಲ. ಎಷ್ಟು ಬೇಕಾದರೂ ಹರಟೆ ಹೊಡೆಯಬಹುದಿತ್ತು. ಆದರೆ ಕಿಡಿ ಹಾರಿಸಿ ತಂತಿಗಳಿಗೆ ಗದ್ದಲ ಕೇಳಿಸುವ ಯಾವ ವಸ್ತುವೂ ಕೆಲಸ ಮಾಡುವಂತಿರಲಿಲ್ಲ. ನೀರಿನ ಮೋಟಾರು, ಸ್ಕೂಟರು, ಮಿಕ್ಸಿ, ಕೊನೆಗೆ ಗ್ಯಾಸ್ ಹಚ್ಚುವ ಲೈಟರು ಕೂಡ. ಅಡುಗೆಯ ಗಂಗವ್ವ ಬೆಂಕಿಕಡ್ಡಿ ಗೀರಿ ಒಲೆ ಹಚ್ಚುತ್ತಿದ್ದಳು, ಒರಳಲ್ಲಿ ಚಟ್ನಿ ರುಬ್ಬುತ್ತಿದ್ದಳು. ಬಂದವರ ಫೋನುಗಳೆಲ್ಲ ಗೇಟಿನಾಚೆಯ ಹುಣಸೆಮರಕ್ಕೆ ಕಟ್ಟಿದ್ದ ಕಬ್ಬಿಣದ ಪೆಟ್ಟಿಗೆಯಲ್ಲಿ ಬಾಯಿ ಬಂದ್ ಮಾಡಿಕೊಂಡು ಮಲಗಿರುತ್ತಿದ್ದವು.

ಇಲ್ಲಿಗೆ ಹೊಸದುರ್ಗದಿಂದ ನೀಲಾಂಬಿಕೆ ಎಂಬ ಹುಡುಗಿ ಶಿಷ್ಯೆಯಾಗಿ ಬಂದಳು. ಆಕಾಶದ ಸದ್ದುಗಳ ಮೇಲೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆಯಬೇಕೆಂಬ ಆಸೆ ಅವಳದು.

ಮೊದಲ ದಿನ ಗುರುಗಳು ಅವಳನ್ನು ಒಂದು ಪುಟ್ಟ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಅಗಲವಾದ ಕಾಗದದ ಸುರುಳಿಯೊಂದು ನಿಧಾನವಾಗಿ ಬಿಚ್ಚಿಕೊಳ್ಳುತ್ತಿತ್ತು. ಅದರ ಮೇಲೆ ಹದಿನಾರು ಲೇಖನಿಗಳು ಹದಿನಾರು ಗೆರೆ ಎಳೆಯುತ್ತ ಕೂತಿದ್ದವು.

“ಹದಿನಾರು ಯಾಕೆ ಮೇಷ್ಟ್ರೆ?”

“ಹದಿನಾರು ಶ್ರುತಿ. ಮೇಲಿನ ಲೇಖನಿಗೆ ಎತ್ತರದ್ದು ಕೇಳುತ್ತೆ. ಕೆಳಗಿಳೀತಾ ಇಳೀತಾ ತಗ್ಗಿನದು.”

“ನಾನು ಏನು ನೋಡ್ಬೇಕು?”

“ಯಾರು ಬಂದ್ರು ಅಂತ ನೋಡ್ಬೇಕು.”

ನೀಲಾ ಕಣ್ಣರಳಿಸಿದಳು. ಗುರುಗಳು ಸ್ಟೂಲು ಎಳೆದುಕೊಂಡು ಕೂತರು.

“ನಡ್ಕೊಂಡು ಬರೋ ಮದುವೆ ದಿಬ್ಬಣ ನೋಡಿದ್ದೀಯಾ? ಎಲ್ಲಾರೂ ಒಟ್ಟಿಗೇ ಹೊರಡ್ತಾರೆ. ಪಕ್ಕದ ಬೀದಿಯಿಂದ ಬಂದ್ರೆ ಒಟ್ಟಿಗೇ ಬಂದು ಬಾಗಿಲಲ್ಲಿ ನಿಲ್ತಾರೆ. ಹತ್ತು ಹರದಾರಿ ದೂರದಿಂದ ಬಂದ್ರೆ?”

“ಹುಡುಗ್ರು ಮೊದಲು ಬರ್ತಾರೆ. ಮಂಡಿನೋವಿನವರು ಆಮೇಲೆ.”

“ಅಷ್ಟೇ. ನಕ್ಷತ್ರಗಳ ಮಧ್ಯೆ ಬರೀ ಖಾಲಿ ಇಲ್ಲ. ತೆಳ್ಳಗೆ ಎಲೆಕ್ಟ್ರಾನು ಹರಡ್ಕೊಂಡಿದೆ. ಎತ್ತರದ ಶ್ರುತಿ ಅದನ್ನ ಸಲೀಸಾಗಿ ದಾಟುತ್ತೆ. ತಗ್ಗಿನದು ತಡವರಿಸ್ತಾ ಬರುತ್ತೆ. ಹದಿನಾರೂ ಲೇಖನಿ ಒಟ್ಟಿಗೇ ಎಗರಿ ನೆಟ್ಟಗೆ ಒಂದು ಗೆರೆ ಬಿದ್ರೆ, ಅದು ನಮ್ಮೂರ ಗದ್ದಲ. ಒಂದರ ಹಿಂದೆ ಒಂದು ಎದ್ದು ಗೆರೆ ಓರೆಯಾದ್ರೆ, ದೂರದಿಂದ ಬಂದದ್ದು. ಎಷ್ಟು ಓರೆಯೋ ಅಷ್ಟು ದೂರ.”

“ದೂರದಿಂದ ಬರೋದು ಏನು?”

“ಅದೇ ಗೊತ್ತಿಲ್ಲ. ನಮ್ಮ ಆಕಾಶಗಂಗೆಯೊಳಗೇ ಎಲ್ಲೋ ಕೂತು ಏನೋ ಒಂದು ಯಾವಾಗಲೋ ಒಂದ್ಸಲ ಕೂಗಿಬಿಡುತ್ತೆ. ಕಣ್ಣು ಮಿಟುಕಿಸೋದ್ರೊಳಗೆ ಮುಗಿದುಹೋಗುತ್ತೆ. ಮತ್ತೆ ಕೂಗ್ಬಹುದು, ಕೂಗದೇನೂ ಇರಬಹುದು. ಬೇರೆ ಕಡೆಯವರು ಕೇಳಿದ್ದಾರೆ. ನಾನು ಕೇಳಿಲ್ಲ.”

“ಎಷ್ಟು ವರ್ಷದಿಂದ ಕಾಯ್ತಿದ್ದೀರಿ?”

“ನಿನ್ನ ವಯಸ್ಸೆಷ್ಟು?”

“ಇಪ್ಪತ್ತಾರು.”

“ಅದಕ್ಕಿಂತ ಒಂದು ವರ್ಷ ಹೆಚ್ಚು” ಎಂದು ಹೇಳಿ ಗುರುಗಳು ಎದ್ದು ಹೋದರು.

ಇನ್ನೂ ಒಂದು ಪದ್ಧತಿಯಿತ್ತು. ಮೌನದ ಹೊತ್ತು ಮುಗಿದ ಮೇಲೆ ಕಾಗದವನ್ನು ಕತ್ತರಿಸಿ, ಕಾವಲು ಕೂತವರು ಅದರ ಬಾಲದಲ್ಲಿ ‘ಮೌನಕ್ಕೆ ಭಂಗ ಬಂದಿಲ್ಲ’ ಎಂದು ಬರೆದು ರುಜು ಹಾಕಬೇಕು. ತೋಟದೊಳಗೆ ಯಾರಾದರೂ ಮೌನ ಮುರಿದಿದ್ದರೆ ಆ ಹಾಳೆ ಬಚ್ಚಲೊಲೆಗೆ. ಗುರುಗಳೇ ಮಾಡಿದ ನಿಯಮ, ಗುರುಗಳೇ ಒಮ್ಮೆ ಮರೆತು ನೀರಿನ ಮೋಟಾರು ಹಾಕಿದಾಗ ತಮ್ಮ ಹಾಳೆಯನ್ನೂ ಒಲೆಗೆ ಹಾಕಿದ್ದರು.

ನಾಲ್ಕು ವರ್ಷ ನೀಲಾ ಲೇಖನಿಗಳ ಮುಂದೆ ಕೂತಳು. ನೆಟ್ಟನೆಯ ಗೆರೆಗಳು ಬೇಕಾದಷ್ಟು ಬಂದವು. ದೂರದ ಸಿಡಿಲು, ಹೆದ್ದಾರಿಯ ಲಾರಿ, ಆಚೆ ದಂಡೆಯ ಯಾರದೋ ಪಂಪ್‌ಸೆಟ್ಟು. ಓರೆ ಗೆರೆ ಮಾತ್ರ ಒಂದೂ ಬರಲಿಲ್ಲ. ಮೊದಲ ವರ್ಷ ಮೈಯೆಲ್ಲ ಕಣ್ಣಾಗಿ ನೋಡಿದಳು. ಎರಡನೆಯ ವರ್ಷ ನೋಡುತ್ತ ಸ್ವೆಟರು ಹೆಣೆದಳು. ಮೂರನೆಯ ವರ್ಷ ಗಂಗವ್ವನಿಗೆ ಓದು ಕಲಿಸಿದಳು. ನಾಲ್ಕನೆಯ ವರ್ಷ ವಿಶ್ವವಿದ್ಯಾಲಯದಿಂದ ಕಾಗದ ಬಂತು. ಫೆಬ್ರವರಿ ಮುಗಿಯುವುದರೊಳಗೆ ಪ್ರಬಂಧ ಒಪ್ಪಿಸಬೇಕು, ಇಲ್ಲದಿದ್ದರೆ ಹೆಸರು ತೆಗೆಯಲಾಗುವುದು.

ಒಪ್ಪಿಸಲು ಅವಳ ಹತ್ತಿರ ಏನೂ ಇರಲಿಲ್ಲ. ಇಲ್ಲಿಂದ ಬರಿಗೈಯಲ್ಲಿ ಹೋದರೆ ನಾಲ್ಕು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಜನವರಿಯ ಕೊನೆಯ ವಾರ, ಒಂದು ಬುಧವಾರ. ಅವಳ ಅಕ್ಕ ಶರ್ವಾಣಿ ಹಿರಿಯೂರಿನ ಆಸ್ಪತ್ರೆಯಲ್ಲಿ ಹೆರಿಗೆಗೆ ಸೇರಿದ್ದಳು. ಹಿಂದೆ ಎರಡು ಸಲ ಮಗು ಹೊಟ್ಟೆಯಲ್ಲೇ ಹೋಗಿತ್ತು. ವಿಷಯ ಹೇಳಿದ್ದರೆ ಗುರುಗಳು ಯಂತ್ರ ನಿಲ್ಲಿಸಿ, “ಮೊದಲು ಹಿರಿಯೂರಿಗೆ ಹೊರಡು” ಎನ್ನುತ್ತಿದ್ದರು. ಅದು ನೀಲಾಳಿಗೂ ಗೊತ್ತಿತ್ತು. ಆದರೆ ಉಳಿದಿದ್ದ ದಿನಗಳು ಬೆರಳೆಣಿಕೆಯಷ್ಟು, ಒಂದನ್ನೂ ಬಿಟ್ಟುಕೊಡುವ ಮನಸ್ಸು ಅವಳಿಗಿರಲಿಲ್ಲ. ಅಕ್ಕನನ್ನು ಬಿಟ್ಟಿರುವ ಮನಸ್ಸೂ ಇರಲಿಲ್ಲ.

ಆ ಬೆಳಿಗ್ಗೆ ಅವಳು ಫೋನನ್ನು ಪೆಟ್ಟಿಗೆಯಲ್ಲಿಡಲಿಲ್ಲ. ಸದ್ದು ತೆಗೆದು ಚೀಲದೊಳಗೆ ಹಾಕಿಕೊಂಡು ಬಂದಳು.

ಹತ್ತು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಎಲ್ಲಕ್ಕಿಂತ ಮೇಲಿನ ಲೇಖನಿ ಎದ್ದಿತು.

ಉಳಿದ ಹದಿನೈದು ಸುಮ್ಮನಿದ್ದವು. ನೀಲಾ ನೋಡುತ್ತಿದ್ದಂತೆ ಮೇಲಿನದು ಕೆಳಗೆ ಕೂತಿತು, ಎರಡನೆಯದು ಎದ್ದಿತು. ಅದು ಕೂತಿತು, ಮೂರನೆಯದು ಎದ್ದಿತು. ಲೇಖನಿ ಏನೋ ಕೆಟ್ಟಿದೆ ಎಂದುಕೊಂಡಳು. ನಾಲ್ಕನೆಯದು ಎದ್ದಾಗ ಅವಳ ಕೈ ತಾನಾಗಿ ಬಾಯಿಯ ಮೇಲೆ ಹೋಯಿತು. ಐದನೆಯದು, ಆರನೆಯದು. ಕೆಳಗೆ ಹೋದಷ್ಟೂ ನಡಿಗೆ ನಿಧಾನವಾಯಿತು. ಹನ್ನೆರಡನೆಯದಕ್ಕೂ ಹದಿಮೂರನೆಯದಕ್ಕೂ ನಡುವೆ ಎಷ್ಟು ಹೊತ್ತಾಯಿತೆಂದರೆ, ಮುಗಿದೇಹೋಯಿತೇನೋ ಎಂದು ಅವಳಿಗೆ ಅಳುವೇ ಬಂತು. ಹದಿಮೂರನೆಯದು ಎದ್ದಿತು. ಹದಿನಾಲ್ಕನೆಯದು. ಹದಿನೈದನೆಯದು.

ಹದಿನಾರನೆಯ ಲೇಖನಿ ಎದ್ದು ಕೂತಾಗ ಮೂವತ್ತೆಂಟು ಸೆಕೆಂಡು ಕಳೆದಿತ್ತು.

ಕಾಗದದ ಮೇಲೆ ಮೇಲಿನ ಅಂಚಿನಿಂದ ಕೆಳಗಿನ ಅಂಚಿನವರೆಗೆ ಒಂದು ಓರೆ ಗೆರೆ ಇಳಿದಿತ್ತು. ಹೊರಗೆ ಬಿಸಿಲು ಹಾಗೇ ಇತ್ತು. ಗಂಗವ್ವ ಒರಳು ತಿರುಗಿಸುವ ಸದ್ದು ಹಾಗೇ ಕೇಳುತ್ತಿತ್ತು. ನೀಲಾ ಎದ್ದು ನಿಂತಿದ್ದಳು. ತಾನು ಹುಟ್ಟುವ ಮೊದಲು, ಈ ಊರು ಹುಟ್ಟುವ ಮೊದಲೇ ಹೊರಟ ಏನೋ ಒಂದು ಈಗಷ್ಟೇ ತನ್ನ ಮುಂದೆ ಹಾದುಹೋಯಿತು ಎಂದು ಅವಳಿಗೆ ಅನ್ನಿಸಿತು. ಇಷ್ಟು ಸಂತೋಷಕ್ಕೆ ಭಯವೂ ಸೇರಿಕೊಂಡಿರುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಎರಡು ನಿಮಿಷ ಹಾಗೇ ನಿಂತಿದ್ದಳು. ಆಮೇಲೆ ಹದಿನಾರೂ ಲೇಖನಿಗಳು ಒಟ್ಟಿಗೆ ಎಗರಿದವು.

ನೆಟ್ಟನೆಯ ಗೆರೆ. ಚೀಲದೊಳಗೆ ಫೋನು ಬೆಳಗುತ್ತಿತ್ತು. ಭಾವ ಸಂದೇಶ ಕಳಿಸಿದ್ದರು: ‘ಹೆಣ್ಣು ಮಗು. ತಾಯಿ ಮಗು ಇಬ್ಬರೂ ಆರಾಮ.’

ನೀಲಾ ಅತ್ತಳು. ಯಾವುದಕ್ಕೆ ಎಷ್ಟು ಅತ್ತಳೋ ಅವಳಿಗೇ ತಿಳಿಯಲಿಲ್ಲ. ಆಮೇಲೆ ಕಣ್ಣೊರಸಿಕೊಂಡು ಕಾಗದ ನೋಡಿದಳು. ಓರೆ ಗೆರೆಗೂ ನೆಟ್ಟ ಗೆರೆಗೂ ನಡುವೆ ನಾಲ್ಕು ಬೆರಳಿನಷ್ಟು ಜಾಗವಿತ್ತು. ಒಂದು ನಾಲ್ಕು ವರ್ಷದ ಫಲ, ಇನ್ನೊಂದು ಅದನ್ನು ಬಚ್ಚಲೊಲೆಗೆ ಒಯ್ಯುವ ಸಾಕ್ಷಿ.

ಬ್ಲೇಡು ಮೇಜಿನ ಮೇಲೇ ಇತ್ತು. ನಾಲ್ಕು ಬೆರಳಿನ ನಡುವೆ ಸರಿಯಾಗಿ ಕತ್ತರಿಸಿದಳು. ಫೋನು ಆರಿಸಿ, ನೆಟ್ಟ ಗೆರೆಯ ತುಂಡನ್ನು ಮಡಿಸಿ ಅದರ ಜೊತೆಗೇ ಚೀಲದೊಳಗೆ ತುರುಕಿದಳು.

ಗುರುಗಳು ತೋಟದ ಕೊನೆಯ ಸಾಲಿನಲ್ಲಿ ಸಡಿಲವಾದ ತಂತಿ ಬಿಗಿಯುತ್ತಿದ್ದರು. ನೀಲಾ ಓಡಿಬಂದು ಕಾಗದ ಹಿಡಿದಳು.

ಗುರುಗಳು ಪಂಚೆಗೆ ಕೈಯೊರಸಿಕೊಂಡು ಕಾಗದ ತೆಗೆದುಕೊಂಡರು. ನೋಡಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದರು. ಆಮೇಲೆ ಮೆಲ್ಲಗೆ ನೆಲದ ಮೇಲೆ ಕೂತುಬಿಟ್ಟರು.

“ಯಾವ ಕಡೆಯಿಂದ?”

“ಧನು ರಾಶಿ ಮೇಷ್ಟ್ರೆ. ಆಕಾಶಗಂಗೆ ದಟ್ಟವಾಗಿರೋ ಕಡೆ.”

ಕಡ್ಡಿಯೊಂದನ್ನು ತೆಗೆದುಕೊಂಡು ಗುರುಗಳು ಮಣ್ಣಿನ ಮೇಲೆ ಲೆಕ್ಕ ಹಾಕಿದರು. ಒಮ್ಮೆ ಅಳಿಸಿ ಮತ್ತೆ ಬರೆದರು.

“ಇಪ್ಪತ್ತು ಸಾವಿರ ವರ್ಷದ ದಾರಿ. ಹೆಚ್ಚೂ ಕಡಿಮೆ.”

“ಅಲ್ಲಿ ಏನಿದೆ?”

“ಸತ್ತ ನಕ್ಷತ್ರ ಇರಬಹುದು ಅಂತಾರೆ. ಒಂದು ಊರಿನಷ್ಟೇ ಅಗಲ, ಸೂರ್ಯನಷ್ಟು ತೂಕ. ಅದು ಮೈ ಕೊಡವಿದಾಗ ಹೀಗೆ ಕೂಗುತ್ತೆ ಅಂತ ಊಹೆ.” ಗುರುಗಳು ಗೆರೆಯ ಮೇಲೆ ಬೆರಳಿಟ್ಟರು. “ಆದ್ರೆ ಇದು ಬಂದ ದಾರಿ ಊಹೆ ಅಲ್ಲ ನೀಲಾ. ಎಲ್ಲೆಲ್ಲಿ ಏನೇನು ಅಡ್ಡ ಬಂತೋ, ಎಷ್ಟೆಷ್ಟು ತಡವಾಯ್ತೋ, ಅಷ್ಟೂ ಈ ಓರೆಯಲ್ಲಿದೆ. ಒಂದನ್ನೂ ಬಿಟ್ಟಿಲ್ಲ.”

ನೀಲಾ ತಲೆ ತಗ್ಗಿಸಿದಳು.

ಗುರುಗಳು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹೊಳೆಯ ಕಡೆ ನಡೆದರು. ಮೇಲೆ ನೋಡಿದರೆ ಬರೀ ನೀಲಿ. ಒಂದು ಹದ್ದು ಸುತ್ತುತ್ತಿತ್ತು. ದಂಡೆಯಲ್ಲಿ ಕುರಿ ಮೇಯಿಸುತ್ತಿದ್ದ ಕೆಂಚಪ್ಪ ತಾನೂ ಕೈ ಅಡ್ಡ ಹಿಡಿದು ಮೇಲೆ ನೋಡಿದ.

“ಏನ್ ಮೇಷ್ಟ್ರೆ, ಮಳೆ ಬತ್ತದಾ?”

“ಬಂದುಹೋಯ್ತು ಕೆಂಚಪ್ಪ. ಆಗಲೇ, ಹತ್ತೂ ಇಪ್ಪತ್ತೆರಡಕ್ಕೆ. ನಿನ್ನ ಮೇಲೂ ಬಿತ್ತು. ನಿನ್ನ ಕುರಿ ಮೇಲೂ ಬಿತ್ತು.”

ಕೆಂಚಪ್ಪ ತನ್ನ ಕಂಬಳಿ ಮುಟ್ಟಿ ನೋಡಿಕೊಂಡ. “ಒಣಗೇ ಐತಲ್ಲ.”

“ಇಪ್ಪತ್ತು ಸಾವಿರ ವರ್ಷ ನಡ್ಕೊಂಡು ಬಂದು ಬಿತ್ತು.”

“ನಂಗ್ಯಾಕೆ ಗೊತ್ತಾಗ್ಲಿಲ್ಲ?”

“ನಂಗೂ ಗೊತ್ತಾಗ್ಲಿಲ್ಲ. ತಂತಿ ಬಿಗೀತಾ ಕೂತಿದ್ದೆ” ಎಂದು ಗುರುಗಳು ನಕ್ಕರು. ನಗುತ್ತ ನಗುತ್ತಲೇ ಅವರ ಕಣ್ಣಲ್ಲಿ ನೀರು ಬಂತು. ಕೆಂಚಪ್ಪನಿಗೆ ಮಾತು ಅರ್ಥವಾಗಲಿಲ್ಲ. ಆದರೂ ತಲೆಯ ಮೇಲಿನ ವಸ್ತ್ರ ತೆಗೆದು ಆಕಾಶಕ್ಕೊಮ್ಮೆ ಕೈ ಮುಗಿದ. ಮೇಷ್ಟ್ರು ಅಳುವಂಥದ್ದು ಏನೋ ಇರಬೇಕು ಎಂಬುದಷ್ಟೇ ಅವನಿಗೆ ಸಾಕಾಯಿತು.

ನೀಲಾ ಹಿಂದೆ ನಿಂತು ನೋಡುತ್ತಿದ್ದಳು. ಅವರ ಸಂತೋಷ ಬೆಳೆದಷ್ಟೂ ಅವಳ ಹೆಗಲ ಮೇಲಿನ ಚೀಲ ಭಾರವಾಗುತ್ತಿತ್ತು.

ಆಶ್ರಮಕ್ಕೆ ಬಂದ ಮೇಲೆ ಗುರುಗಳು ಗಂಗವ್ವನಿಗೆ ಕೇಸರಿಬಾತು ಮಾಡಲು ಹೇಳಿದರು. “ಯಾರ ಹುಟ್ಟಿದಹಬ್ಬ?” ಎಂದಳು ಗಂಗವ್ವ. “ಇನ್ನೂ ಹೆಸರಿಟ್ಟಿಲ್ಲ” ಎಂದರು ಗುರುಗಳು. ಕೈಕಾಲು ತೊಳೆದು, ಒಗೆದ ಅಂಗಿ ಹಾಕಿಕೊಂಡು, ಕಾಗದವನ್ನು ಮೇಜಿನ ಮೇಲೆ ಹರಡಿ ಕೂತರು. ಎಪ್ಪತ್ತಮೂರರ ಮುದುಕರು ಅವತ್ತು ಶಾಲೆಗೆ ಹೊಸ ಬಟ್ಟೆ ಹಾಕಿಕೊಂಡು ಹೊರಟ ಹುಡುಗನಂತಿದ್ದರು.

ಹಾಳೆಯ ಬಾಲ ಖಾಲಿಯಿತ್ತು. ಗುರುಗಳು ಲೇಖನಿಯನ್ನು ನೀಲಾಳ ಕೈಗೆ ಕೊಟ್ಟರು.

“ಒಂದು ವಾಕ್ಯ ಬರೆದು ರುಜು ಹಾಕಮ್ಮ. ಬೇರೆ ಕಡೆ ಕಾಯ್ತಿರೋರಿಗೆಲ್ಲ ಕಳಿಸೋಣ.”

ನೀಲಾ ಲೇಖನಿ ಹಿಡಿದು ಬಾಗಿದಳು. ‘ಮೌನಕ್ಕೆ’ ಎಂದು ಬರೆದಳು. ಸಾವಿರ ಸಲ ಬರೆದ ವಾಕ್ಯ, ಕಣ್ಣು ಮುಚ್ಚಿಕೊಂಡು ಬರೆಯಬಹುದಾದ ವಾಕ್ಯ. ಮುಂದಿನ ಅಕ್ಷರಕ್ಕೆ ಕೈ ಏಳಲಿಲ್ಲ.

ಗುರುಗಳು ಕಾದರು. ಕಾಯುವುದು ಅವರಿಗೆ ಹೊಸದಲ್ಲ.

“ಮೇಷ್ಟ್ರೆ, ನನ್ನ ಚೀಲದಲ್ಲಿ ಫೋನಿತ್ತು.”

ಗುರುಗಳು ಕಾಗದದಿಂದ ತಲೆಯೆತ್ತಿದರು.

“ಅಕ್ಕ ಆಸ್ಪತ್ರೆಯಲ್ಲಿದ್ಲು. ಎರಡು ನಿಮಿಷ ಆದ್ಮೇಲೆ ಸಂದೇಶ ಬಂತು. ಹದಿನಾರೂ ಎಗರಿದ್ವು. ಆ ತುಂಡು ಕತ್ತರಿಸಿ ಇಟ್ಕೊಂಡಿದ್ದೀನಿ.”

ಹೊರಗೆ ಗಂಗವ್ವ ರವೆ ಹುರಿಯುವ ಘಮ ಬರುತ್ತಿತ್ತು. ಗುರುಗಳು ಬಹಳ ಹೊತ್ತು ಕಾಗದವನ್ನೇ ನೋಡಿದರು. ಇನ್ನೊಂದು ಓರೆ ಗೆರೆಗೆ ಕಾಯುವಷ್ಟು ವರ್ಷ ತಮ್ಮ ಹತ್ತಿರ ಇಲ್ಲ ಎಂಬುದು ಅವರಿಗೆ ಗೊತ್ತಿತ್ತು. ಅದು ನೀಲಾಳಿಗೂ ಗೊತ್ತಿತ್ತು.

“ಅಕ್ಕ ಹೇಗಿದ್ದಾಳೆ?” ಎಂದರು ಗುರುಗಳು.

“ಆರಾಮ. ಹೆಣ್ಣು ಮಗು.”

“ಒಳ್ಳೇದಾಯ್ತು. ಆ ತುಂಡು ಕೊಡು.”

ನೀಲಾ ಚೀಲದಿಂದ ತೆಗೆದು ಕೊಟ್ಟಳು. ಗುರುಗಳು ಎರಡೂ ತುಂಡುಗಳನ್ನು ಎತ್ತಿಕೊಂಡು ಹಿತ್ತಲಿಗೆ ನಡೆದರು. ಬಚ್ಚಲೊಲೆ ಉರಿಯುತ್ತಿತ್ತು, ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ನೀಲಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. ತಡೆಯಲು ಅವಳಿಗೆ ಬಾಯಿಲ್ಲ; ನಾಲ್ಕು ವರ್ಷ ಆ ಒಲೆಗೆ ಅವಳೇ ಹಾಳೆ ಹಾಕಿದ್ದಾಳೆ.

ಗುರುಗಳು ಒಲೆಯನ್ನು ದಾಟಿ ಅಡುಗೆಮನೆಗೆ ಹೋದರು.

“ಗಂಗವ್ವ, ಒಂದು ತುತ್ತು ಅನ್ನ ಕೊಡು.”

“ಊಟಕ್ಕೆ ಇನ್ನೂ ಹೊತ್ತೈತೆ.”

“ತಿನ್ನಕ್ಕಲ್ಲ.”

ಮತ್ತೆ ಮೇಜಿಗೆ ಬಂದು ಕೂತರು. ಅನ್ನದ ಅಗುಳನ್ನು ಹೆಬ್ಬೆರಳಿನಿಂದ ಅರೆದು, ಎರಡೂ ತುಂಡುಗಳ ಅಂಚಿಗೆ ಸವರಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಜೋಡಿಸಿ ಒತ್ತಿ ಹಿಡಿದರು. ಓರೆ ಗೆರೆ, ನಾಲ್ಕು ಬೆರಳು ಜಾಗ, ನೆಟ್ಟ ಗೆರೆ. ಬ್ಲೇಡಿನ ಗಾಯ ಎದ್ದು ಕಾಣುತ್ತಿತ್ತು.

“ನಿಯಮದ ಪ್ರಕಾರ ಇದು ಒಲೆಗೆ ಹೋಗ್ಬೇಕು ಮೇಷ್ಟ್ರೆ.”

“ನಿಯಮ ನಂದು. ಹಾಳೆ ನಂದಲ್ಲ.”

ಅನ್ನದ ಅಂಟು ಒಣಗುವವರೆಗೆ ಗುರುಗಳು ಬೆರಳು ತೆಗೆಯಲಿಲ್ಲ. ಆಮೇಲೆ ಗುರುಗಳು ಲೇಖನಿಯನ್ನು ಮತ್ತೆ ಅವಳ ಕಡೆ ಸರಿಸಿದರು.

“ಬರಿ. ಫೋನು ಎಲ್ಲಿತ್ತು, ಯಾಕಿತ್ತು, ಎಷ್ಟು ಹೊತ್ತಿಗೆ ಬೆಳಗ್ತು. ಯಾರು ಕತ್ತರಿಸಿದ್ರು, ಯಾರು ಅಂಟಿಸಿದ್ರು. ಕೆಳಗೆ ನಿನ್ನ ರುಜು. ಅದರ ಕೆಳಗೆ ನನ್ನದು.”

ನೀಲಾ ಬರೆದಳು. ಒಂದು ಸಾಲಿನ ಜಾಗದಲ್ಲಿ ಹನ್ನೊಂದು ಸಾಲು ತುಂಬಿತು. ರುಜು ಹಾಕಿದಳು. ಗುರುಗಳೂ ಹಾಕಿದರು.

ಲೇಖನಿ ಕೆಳಗಿಟ್ಟ ಮೇಲೆ ಅವಳಿಗೆ ತಡೆಯಲಾಗಲಿಲ್ಲ.

“ಇದನ್ನ ನೋಡಿದವರು ಏನಂತಾರೆ ಮೇಷ್ಟ್ರೆ? ಕತ್ತರಿಸಿದ ಹಾಳೆ, ಅಂಟಿಸಿದ ಹಾಳೆ, ಮೌನ ಮುರಿದ ಹಾಳೆ. ನನ್ನ ನಾಲ್ಕು ವರ್ಷ ಹೋಗ್ಲಿ, ನಿಮ್ಮ ಮೂವತ್ತು ವರ್ಷ ಇದೆ ಇದ್ರಲ್ಲಿ. ನಮ್ಮ ತಪ್ಪನ್ನೆಲ್ಲ ನಾವೇ ಬರೆದು ಕಳಿಸಿದ್ರೆ ಯಾರು ನಂಬ್ತಾರೆ?”

ಗುರುಗಳು ಓರೆ ಗೆರೆಯ ಮೇಲೆ ಬೆರಳಿಟ್ಟರು. ಮೊದಲನೆಯ ಲೇಖನಿಯ ಗುರುತಿನಿಂದ ಹದಿನಾರನೆಯದರವರೆಗೆ, ಒಂದೊಂದಾಗಿ, ಎಲ್ಲೂ ಅವಸರ ಮಾಡದೆ ಇಳಿಸಿದರು.

“ಇದು ನೆಟ್ಟಗೆ ಬಂದಿದ್ದರೆ ನೀನು ನಂಬ್ತಿದ್ದೆಯಾ?”